ಬ್ಯಾಟರಿ ಹೋಯಿತು ಅನ್ನುವ ಮುನ್ನ

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಮೇಲೆ. ಹಗಲು ಬಿಸಿಲು ಚುರುಗುಟ್ಟಿದರೂ ಮೇ ತಿಂಗಳಲ್ಲಿ ಕೂಡ ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಅಲ್ಲಿನ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ ಆರ್‌ವಿ (ಅಡುಗೆ, ಮಲಗುವ ವ್ಯವಸ್ಥೆ ಇರುವ ಮನೆಗಾಡಿ) ನಿಲ್ಲಿಸಲು ಜಾಗ ಕೊಡುತ್ತಾರೆ, ಕರೆಂಟ್ ಕೊಡುವುದಿಲ್ಲ. ಅಂಥ ಕಡೆ ನಡುರಾತ್ರಿ ಎರಡು ಗಂಟೆಗೆ ಹೀಟರ್ ನಿಂತುಹೋದರೆ ಮನೆಯವರೆಲ್ಲ ಮೊದಲು ನೋಡುವುದು ಗ್ಯಾಸ್ ಸಿಲಿಂಡರನ್ನು. ಸಿಲಿಂಡರ್ ತುಂಬಿರುತ್ತದೆ. ಒಲೆ ಹಚ್ಚಿದರೆ ಚೆನ್ನಾಗಿಯೇ ಉರಿಯುತ್ತದೆ. ಹೀಟರ್ ಮಾತ್ರ ಹೊತ್ತಿಕೊಳ್ಳುವುದಿಲ್ಲ.

ಕಾರಣ ಗ್ಯಾಸಿನಲ್ಲಿಲ್ಲ, ಬ್ಯಾಟರಿಯ ಕಡೆ ಇದೆ. ಆರ್‌ವಿಯ ಗ್ಯಾಸ್ ಹೀಟರಿನೊಳಗೆ ಮೊದಲು ತಿರುಗುವುದು ಒಂದು ಫ್ಯಾನ್. ಅದು ಎಬ್ಬಿಸುವ ಗಾಳಿ ಸೇಲ್ ಸ್ವಿಚ್ ಎಂಬ ತೆಳು ತಗಡನ್ನು ತಳ್ಳಬೇಕು. ತಗಡು ಸರಿದರೆ ಗಾಳಿ ಸರಿಯಾಗಿ ಓಡುತ್ತಿದೆ ಎಂದು ಒಳಗಿನ ಬೋರ್ಡಿಗೆ ಖಾತ್ರಿಯಾಗುತ್ತದೆ. ಆಮೇಲಷ್ಟೇ ಗ್ಯಾಸಿನ ವಾಲ್ವ್ ತೆರೆಯುತ್ತದೆ, ಕಿಡಿ ಹಾರುತ್ತದೆ. ವೋಲ್ಟೇಜ್ ಇಳಿದಿದ್ದರೆ ಫ್ಯಾನ್ ತಿರುಗುತ್ತದೆ, ಆದರೆ ಸೋತು ತಿರುಗುತ್ತದೆ. ತಗಡು ಅಲುಗಾಡದು, ವಾಲ್ವ್ ತೆರೆಯದು. ಹೊರಗಿನವರಿಗೆ ಕೇಳಿಸುವುದು ಬರಿ ಗಾಳಿಯ ಸದ್ದು, ಬರುವುದು ತಣ್ಣನೆ ಗಾಳಿ. ಹೊತ್ತಿಕೊಳ್ಳದ ಗ್ಯಾಸ್ ಒಳಗೆ ತುಂಬದಿರಲಿ ಎಂದು ಮಾಡಿದ ವ್ಯವಸ್ಥೆ ಅದು, ಒಳ್ಳೆಯ ವ್ಯವಸ್ಥೆ. ಫ್ರಿಜ್ಜಿನ ಕಥೆಯೂ ಹೀಗೇ. ಗ್ಯಾಸಿನ ಜ್ವಾಲೆಯಿಂದಲೇ ತಂಪಾಗುವ ಫ್ರಿಜ್ ಇದ್ದರೂ ಅದರ ಬೋರ್ಡಿಗೆ 12 ವೋಲ್ಟ್ ಬೇಕು. ನಲ್ಲಿಗೆ ನೀರು ತರುವ ಪಂಪಿಗೂ ಬೇಕು. ಹಾಗಾಗಿ ಬ್ಯಾಟರಿ ಕೈಕೊಟ್ಟರೆ ದೀಪವಷ್ಟೇ ಅಲ್ಲ, ಇಡೀ ಮನೆಯೇ ನಿಲ್ಲುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಊರಿಂದ ಅಪ್ಪ ಅಮ್ಮ ಬಂದ ಬೇಸಿಗೆಗೆ ಆರ್‌ವಿ ಬಾಡಿಗೆ ಹಿಡಿಯುವುದು ಈಗ ರೂಢಿಯಾಗುತ್ತಿದೆ. ಅದಕ್ಕೆ ಕಾರಣವೂ ಸರಳ. ದಾರಿಯಲ್ಲಿ ಅನ್ನ ಸಾರು ಮಾಡಿಕೊಳ್ಳಬಹುದು, ಮಂಡಿ ನೋವಿನವರು ಬೇಕೆಂದಾಗ ಕಾಲು ಚಾಚಬಹುದು, ಶೌಚಾಲಯ ಹುಡುಕುವ ಸಂಕಟವಿಲ್ಲ. ಗಾಡಿ ಕೊಡುವವರು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ತೋರಿಸಿ ಕೀಲಿ ಕೊಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಬ್ಯಾಟರಿಗೆ ಸಿಗುವುದು ಒಂದು ಮಾತು, ಹೆಚ್ಚೆಂದರೆ ಎರಡು. ಸ್ವಂತ ಟ್ರೇಲರ್ ಇಟ್ಟುಕೊಂಡವರ ಪಾಡು ಬೇರೆ. ಅವರು ತೊಂದರೆ ಬಂದ ತಕ್ಷಣ ಹೊಸ ಬ್ಯಾಟರಿ ತಂದು ಕೂರಿಸುತ್ತಾರೆ. ಕೆಲವು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ, ಮತ್ತೆ ಅದೇ ಕತ್ತಲು. ಇಂಥ ಗಾಡಿಗಳ ಪಕ್ಕ ಮಂಡಿಯೂರಿ ಕೂತು ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಬ್ಯಾಟರಿ ಎಷ್ಟೋ ಸಲ ತಪ್ಪಿತಸ್ಥನಲ್ಲ, ಬೇರೆಲ್ಲಿಯದೋ ತಪ್ಪಿಗೆ ಸೊರಗಿದ ಪದಾರ್ಥ. ಅಳೆದು ನೋಡದೆ ಅದನ್ನು ಬದಲಿಸುವುದು ದುಡ್ಡಿಗೂ ದಂಡ, ಸೀಸಕ್ಕೂ ದಂಡ.

ಮೊದಲು ಗಾಡಿಯಲ್ಲಿ ಯಾವ ಕರೆಂಟ್ ಎಲ್ಲಿಂದ ಬರುತ್ತದೆ ಎನ್ನುವುದು ತಲೆಯಲ್ಲಿ ಸ್ಪಷ್ಟವಾಗಬೇಕು. ಮೋಟರ್ ಹೋಮ್ ಆದರೆ ಎಂಜಿನ್ ಸ್ಟಾರ್ಟ್ ಮಾಡಲು ಒಂದು ಬ್ಯಾಟರಿ, ಮನೆಯ ಭಾಗಕ್ಕೆ ಇನ್ನೊಂದು. ಕಾರು ಎಳೆದೊಯ್ಯುವ ಟ್ರೇಲರ್ ಆದರೆ ಮನೆಯ ಬ್ಯಾಟರಿ ಒಂದೇ, ಸಾಮಾನ್ಯವಾಗಿ ಮುಂದಿನ ಮೂತಿಯ ಮೇಲೆ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ. ಕ್ಯಾಂಪ್‌ಗ್ರೌಂಡಿನ ಕಂಬಕ್ಕೆ ದಪ್ಪ ವೈರ್ ಚುಚ್ಚಿದಾಗ 120 ವೋಲ್ಟಿನ ಎಸಿ ಒಳಬರುತ್ತದೆ. ಕನ್ವರ್ಟರ್ ಎಂಬ ಪೆಟ್ಟಿಗೆ ಅದನ್ನು 12 ವೋಲ್ಟಿನ ಡಿಸಿ ಮಾಡಿ ದೀಪಗಳಿಗೆ ಕೊಡುತ್ತದೆ, ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಇನ್ವರ್ಟರ್ ಇದಕ್ಕೆ ತಿರುಗುಮುರುಗು: ಬ್ಯಾಟರಿಯ ಡಿಸಿಯನ್ನು ಎಸಿ ಮಾಡುತ್ತದೆ. ಬೆಂಗಳೂರಿನ ಮನೆಯಲ್ಲಿ ನಾವು ಯುಪಿಎಸ್ ಎಂದು ಕರೆಯುವ ಪೆಟ್ಟಿಗೆಯಲ್ಲಿ ಈ ಎರಡೂ ಕೆಲಸ ಒಟ್ಟಿಗಿರುತ್ತವೆ. ಆರ್‌ವಿಯಲ್ಲಿ ಹಾಗಲ್ಲ. ಕನ್ವರ್ಟರ್ ಎಲ್ಲದರಲ್ಲೂ ಇರುತ್ತದೆ, ದೊಡ್ಡ ಇನ್ವರ್ಟರ್ ಅನೇಕ ಗಾಡಿಗಳಲ್ಲಿ ಇರುವುದೇ ಇಲ್ಲ. ಕಾಡಿನಲ್ಲಿ ಗಾಡಿ ನಿಲ್ಲಿಸಿದಾಗ ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಬರದಿದ್ದರೆ, ಮೈಕ್ರೊವೇವ್ ಕಪ್ಪಾಗಿ ಕೂತಿದ್ದರೆ ಅದು ಕೆಟ್ಟಿದೆ ಎಂದಲ್ಲ. ಅದಕ್ಕೆ ಜನರೇಟರ್ ಬೇಕು, ಅಷ್ಟೆ.

ಇನ್ವರ್ಟರ್ ಇದ್ದರೂ ಲೆಕ್ಕ ಮರೆಯುವ ಹಾಗಿಲ್ಲ. 700 ವಾಟಿನ ರೈಸ್ ಕುಕ್ಕರ್ 12 ವೋಲ್ಟಿನ ಬ್ಯಾಟರಿಯಿಂದ 60 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. 100 ಎಎಚ್ (ಆಂಪಿಯರ್-ಗಂಟೆ) ಎಂದು ಬರೆದಿರುವ ಸೀಸದ ಬ್ಯಾಟರಿಯಲ್ಲಿ ಬಾಳಿಕೆಗೆ ಧಕ್ಕೆಯಾಗದಂತೆ ತೆಗೆಯಬಹುದಾದ್ದು ಅರ್ಧ, 50. ಇಷ್ಟು ಜೋರಾಗಿ ಎಳೆದರೆ ಅದೂ ಪೂರ್ತಿ ಕೈಗೆ ಸಿಗದು. ಸೀಸದ ಬ್ಯಾಟರಿಯಿಂದ ವೇಗವಾಗಿ ಎಳೆದಷ್ಟೂ ಒಟ್ಟು ಸಿಗುವ ಕರೆಂಟ್ ಕಡಿಮೆಯಾಗುತ್ತದೆ. ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟರು. ಅನ್ನಕ್ಕೆ ಗ್ಯಾಸ್ ಒಲೆ, ಪ್ರೆಶರ್ ಕುಕ್ಕರ್ ಸಾಕು. ಚಟ್ನಿಯನ್ನು ಮನೆಯಲ್ಲೇ ರುಬ್ಬಿ ಫ್ರಿಜ್ಜಿನಲ್ಲಿಟ್ಟು ತರುವುದು ವಾಸಿ.

ಇನ್ನು ಹೀಟರಿನ ಲೆಕ್ಕ. ಅದರ ಫ್ಯಾನ್ ಸುಮಾರು 8 ಆಂಪಿಯರ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಚಳಿಯ ರಾತ್ರಿ ಬಿಟ್ಟು ಬಿಟ್ಟು ಓಡಿ ಒಟ್ಟು ಐದು ಗಂಟೆ ಆದರೆ 40 ಎಎಚ್. ಅಗ್ಗದ ಟ್ರೇಲರುಗಳಲ್ಲಿ ಬರುವ ಸಣ್ಣ ಬ್ಯಾಟರಿ 80 ಎಎಚ್ ಆಸುಪಾಸಿನದು, ಅದರ ಅರ್ಧ ಎಂದರೆ ಇಷ್ಟೇ. ಒಂದೇ ರಾತ್ರಿಗೆ ಖರ್ಚು. ಮರುದಿನ ಸೂರ್ಯನಿಂದಲೋ ಜನರೇಟರಿನಿಂದಲೋ ತುಂಬದಿದ್ದರೆ ಎರಡನೆಯ ರಾತ್ರಿ ಖಂಡಿತ ಕೈಕೊಡುತ್ತದೆ. ನ್ಯಾಷನಲ್ ಪಾರ್ಕುಗಳಲ್ಲಿ ಜನರೇಟರ್ ಹಾಕಲು ಹೊತ್ತು ನಿಗದಿ ಮಾಡಿರುತ್ತಾರೆ, ರಾತ್ರಿ ಹಾಕುವಂತಿಲ್ಲ. ಇಲ್ಲಿ ಯಾವುದೂ ಕೆಟ್ಟಿಲ್ಲ. ಖರ್ಚು ಜಾಸ್ತಿ, ಜಮೆ ಕಡಿಮೆ. ಇದನ್ನು ಬಗೆಹರಿಸಿಕೊಂಡ ಮೇಲೂ ತೊಂದರೆ ಉಳಿದರೆ ಆಗ ಮೀಟರ್ ಹಿಡಿಯಬೇಕು.

ದುಬಾರಿ ಮೀಟರ್ ಏನೂ ಬೇಡ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಹುಡುಗರು ಕೊಳ್ಳುವಂಥ ಸಾದಾ ಮಲ್ಟಿಮೀಟರ್ ಸಾಕು. ಕಂಬದಿಂದ ವೈರ್ ಕಿತ್ತು, ಬ್ಯಾಟರಿಯಿಂದ ಏನೂ ಓಡದಂತೆ ನಾಲ್ಕಾರು ಗಂಟೆ ಬಿಟ್ಟು ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. ಆಗಷ್ಟೇ ಚಾರ್ಜ್ ಆದ ಬ್ಯಾಟರಿ ಮೇಲ್ಮೈಯ ಚಾರ್ಜಿನಿಂದಾಗಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಅದಕ್ಕೇ ಈ ಕಾಯುವಿಕೆ. ಸೀಸದ ಬ್ಯಾಟರಿಗೆ 12.6ರಿಂದ 12.7 ಬಂದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು. 12.1ಕ್ಕೆ ಅರ್ಧ. 11.9ಕ್ಕೆ ಇಳಿದಿದ್ದರೆ ತಳ ಕಾಣುತ್ತಿದೆ ಎಂದೇ ಅರ್ಥ. ಪೂರ್ತಿಗೂ ಖಾಲಿಗೂ ನಡುವೆ ಒಂದು ವೋಲ್ಟಿನಷ್ಟೂ ಅಂತರವಿಲ್ಲ. ಗೋಡೆಯ ಮೇಲಿನ ನಾಲ್ಕು ಪುಟ್ಟ ದೀಪಗಳ ಸೂಚಕವನ್ನು ನಾನು ನಂಬುವುದಿಲ್ಲ. ಅದು ಇಷ್ಟು ಸೂಕ್ಷ್ಮವಾಗಿ ಹೇಳಲಾರದು, ಕಂಬಕ್ಕೆ ಚುಚ್ಚಿರುವಾಗಲಂತೂ ಯಾವಾಗಲೂ ಪೂರ್ತಿ ಎಂದೇ ತೋರಿಸುತ್ತದೆ.

ಈಗ ಕಂಬಕ್ಕೆ ವೈರ್ ಚುಚ್ಚಿ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ವೋಲ್ಟೇಜ್ 13ರ ಮೇಲೆ, 13.6ರ ಸುತ್ತಮುತ್ತ ಅಥವಾ ಇನ್ನೂ ಮೇಲೆ ಏರಿದರೆ ಕನ್ವರ್ಟರ್ ಚಾರ್ಜ್ ಮಾಡುತ್ತಿದೆ. ಇದ್ದಲ್ಲೇ ಇದ್ದರೆ ಬ್ಯಾಟರಿಗೆ ಚಾರ್ಜ್ ತಲುಪುತ್ತಲೇ ಇಲ್ಲ. ಹಾಗಿದ್ದಾಗ ಹೊಸ ಬ್ಯಾಟರಿ ಹಾಕಿದರೂ ಅದು ಕೆಲವೇ ದಿನ ಓಡಿ ಮಲಗುತ್ತದೆ. ಕನ್ವರ್ಟರಿನ ಬ್ರೇಕರ್ ಬಿದ್ದಿದೆಯೇ ನೋಡಿ. ಆಮೇಲೆ ಫ್ಯೂಸ್ ಪ್ಯಾನೆಲ್ಲಿನಲ್ಲಿ ಉಳಿದವುಗಳಿಂದ ಬೇರೆಯಾಗಿ ಕೂತಿರುವ ಎರಡು ದೊಡ್ಡ ಫ್ಯೂಸುಗಳನ್ನು ನೋಡಿ. ಸಾಮಾನ್ಯವಾಗಿ 30 ಅಥವಾ 40 ಆಂಪಿಯರಿನವು. ಬ್ಯಾಟರಿಯ ವೈರುಗಳನ್ನು ಅದಲುಬದಲಾಗಿ ಹಾಕಿದರೆ ಉಳಿದದ್ದನ್ನೆಲ್ಲ ಕಾಪಾಡಿ ತಾವು ಸುಟ್ಟುಹೋಗುವುದು ಇವುಗಳ ಕೆಲಸ. ಅದಲುಬದಲು ಅಷ್ಟು ಸುಲಭವಾಗಿ ಆಗುತ್ತದೆಯೇ ಎಂದು ಕೇಳಬಹುದು. ಆಗುತ್ತದೆ. ಕಾರು, ರೇಡಿಯೊ ನೋಡಿ ಬೆಳೆದವರಿಗೆ ಕಪ್ಪು ವೈರ್ ಎಂದರೆ ನೆಗೆಟಿವ್. ಅಮೆರಿಕದ ಎಷ್ಟೋ ಟ್ರೇಲರುಗಳಲ್ಲಿ ಕಪ್ಪು ಪಾಸಿಟಿವ್, ಬಿಳಿ ನೆಗೆಟಿವ್. ರೂಢಿಯ ಕೈ ಕಪ್ಪನ್ನು ನೆಗೆಟಿವ್‌ಗೆ ತಗುಲಿಸಿದ ಕ್ಷಣವೇ ಫ್ಯೂಸ್ ಹೋಗಿರುತ್ತದೆ. ಕಂಬದ ಕರೆಂಟ್ ಇರುವವರೆಗೆ ದೀಪಗಳು ಉರಿಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕಾಡಿಗೆ ಹೋದ ಮೇಲೆ.

ವಿಶ್ರಾಂತಿಯಲ್ಲಿ 12.6 ತೋರಿಸಿದ ಮಾತ್ರಕ್ಕೆ ಬ್ಯಾಟರಿ ಗಟ್ಟಿ ಎಂದು ತೀರ್ಮಾನಿಸಬಾರದು. ಕುರ್ಚಿಯಲ್ಲಿ ಕೂತಾಗ ಆರೋಗ್ಯವಾಗಿ ಕಾಣುವವರು ಮಹಡಿ ಹತ್ತುವಾಗ ಏದುಸಿರು ಬಿಡುವುದಿಲ್ಲವೇ, ಹಾಗೆ. ಹೀಟರಿನ ಫ್ಯಾನ್, ಪಂಪು, ದೀಪಗಳನ್ನು ಒಟ್ಟಿಗೆ ಹಾಕಿ ಹತ್ತು ನಿಮಿಷ ಮೀಟರ್ ಮೇಲೆ ಕಣ್ಣಿಡಿ. ತುಸು ಇಳಿದು ನಿಂತರೆ ಸರಿ. ನೋಡನೋಡುತ್ತ 11.5ಕ್ಕೆ, 11ಕ್ಕೆ ಜಾರಿದರೆ ಬ್ಯಾಟರಿಯಲ್ಲಿ ತಾಕತ್ತಿಲ್ಲ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಖಚಿತವಾಗಿ ಹೇಳುತ್ತದೆ. ಬ್ಯಾಟರಿಯೊಳಗಿನ ಆರು ಮನೆಗಳಲ್ಲಿ (ಸೆಲ್ಲುಗಳಲ್ಲಿ) ಐದು 1.265ರ ಆಸುಪಾಸು ತೋರಿಸಿ ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಒಂದು ಮನೆ ಹೋಗಿದೆ. ಬ್ಯಾಟರಿ ಬದಲಿಸಲು ಅದು ತಕ್ಕ ಕಾರಣ.

ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗ ಇಲ್ಲಿ ಹೇಳಬೇಕು. ಸ್ಯಾಕ್ರಮೆಂಟೊ ಕಡೆಯ ಒಂದು ಕನ್ನಡ ಕುಟುಂಬ ಸೆಕೆಂಡ್ ಹ್ಯಾಂಡ್ ಟ್ರೇಲರ್ ಕೊಂಡಿತ್ತು. ಹೀಟರ್ ಪದೇ ಪದೇ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಒಮ್ಮೆ ಬ್ಯಾಟರಿ ಬದಲಿಸಿದರು, ಮರುವರ್ಷ ಮತ್ತೊಮ್ಮೆ ಬದಲಿಸಿದರು. ಬ್ಯಾಟರಿಯ ಮೇಲೆ ಮೀಟರ್ ಇಟ್ಟರೆ ಹೀಟರ್ ಓಡುವಾಗಲೂ 12.4. ಒಳಗೆ ಫ್ಯೂಸ್ ಪ್ಯಾನೆಲ್ಲಿನಲ್ಲಿ ಅಳೆದರೆ 11.1. ದಾರಿಯಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ಎಲ್ಲಿಯೋ ಸೋರಿಹೋಗುತ್ತಿತ್ತು. ಪಾಸಿಟಿವ್ ಕಡೆ ಎಲ್ಲ ಸರಿಯಿತ್ತು. ನೆಗೆಟಿವ್ ಕಡೆಗೆ ಬಂದೆವು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ, ಇನ್ನೊಂದನ್ನು ಬಣ್ಣ ಕೆರೆದ ಚಾಸಿಯ ಮೇಲೆ ಒತ್ತಿಹಿಡಿದು ಹೀಟರ್ ಹಾಕಿಸಿದೆವು. ಸೊನ್ನೆ ಚಿಲ್ಲರೆ ತೋರಿಸಬೇಕಾದ ಕಡೆ ಮೀಟರ್ 1.1 ವೋಲ್ಟ್ ಎಂದಿತು.

ಕೆಳಗೆ ತೂರಿ ನೋಡಿದರೆ ಬ್ಯಾಟರಿಯ ನೆಗೆಟಿವ್ ವೈರನ್ನು ಚಾಸಿಗೆ ಬಿಗಿದ ಬೋಲ್ಟ್ ಕಂಡಿತು. ಕಿರುಬೆರಳಿನ ಗಾತ್ರ. ಹೊರಗಿಂದ ತುಕ್ಕು ಅಷ್ಟೇನೂ ಕಾಣುತ್ತಿರಲಿಲ್ಲ, ಆದರೆ ಮುಟ್ಟಿದರೆ ಬೆಚ್ಚಗಿತ್ತು. ಆ ಚಳಿಯಲ್ಲಿ ಕಬ್ಬಿಣ ಬೆಚ್ಚಗಿರಲು ಕಾರಣ ಒಂದೇ, ಸೋರಿದ್ದೆಲ್ಲ ಅಲ್ಲೇ ಶಾಖವಾಗುತ್ತಿದೆ. ಸ್ಪ್ಯಾನರ್ ಹಾಕಿ ಬಿಚ್ಚಿದಾಗ ವಾಷರಿನ ಕೆಳಗೆ ಕಂದು ಪುಡಿ, ಅದರ ಕೆಳಗೆ ಕಾರ್ಖಾನೆಯಲ್ಲಿ ಬಳಿದ ಕಪ್ಪು ಬಣ್ಣದ ಪದರ. ವೈರಿನ ತುದಿಯ ತಾಮ್ರ ಹಸಿರುಗಟ್ಟಿತ್ತು. ಚಾಸಿಯನ್ನು ಹೊಳೆಯುವ ತನಕ ಉಜ್ಜಿ, ವೈರಿಗೆ ಹೊಸ ಲಗ್ ಹೊಡೆದು, ಹಲ್ಲಿನ ವಾಷರ್ ಕೂರಿಸಿ ಬಿಗಿದು ಮೇಲೆ ಗ್ರೀಸ್ ಸವರಿದ್ದಾಯಿತು. ಮತ್ತೆ ಅಳೆದಾಗ 0.05 ವೋಲ್ಟ್. ಹೀಟರಿನ ಫ್ಯಾನಿನ ಸದ್ದೇ ಬದಲಾಯಿತು, ಕಿಡಿ ಹಾರಿದ್ದು ಹೊರಗೆ ನಿಂತವರಿಗೂ ಕೇಳಿಸಿತು. ಹಳೆಯದೆಂದು ವಾಪಸು ಕೊಟ್ಟಿದ್ದ ಬ್ಯಾಟರಿಗಳಲ್ಲಿ ಬಹುಶಃ ಒಂದಾದರೂ ಚೆನ್ನಾಗಿಯೇ ಇತ್ತು.

ಒಂದು ಬ್ಯಾಟರಿ ಟರ್ಮಿನಲ್, ಒಂದು ಬೋಲ್ಟ್, ಒಂದು ಸ್ವಿಚ್: ಕರೆಂಟ್ ಹಾಯುವ ಪ್ರತಿ ಗಂಟಿನ ಆಚೆ ಈಚೆ ಹೀಗೆ ಅಳೆದುಕೊಂಡು ಹೋದರೆ ತೊಂದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಭಾರ ಹಾಕಿದಾಗ ಒಂದು ಗಂಟಿನಲ್ಲಿ 0.2 ವೋಲ್ಟಿಗಿಂತ ಹೆಚ್ಚು ಬಿದ್ದರೆ ಅದನ್ನು ಬಿಚ್ಚಿ ನೋಡಲೇಬೇಕು. ಟರ್ಮಿನಲ್ ಮೇಲಿನ ಬಿಳಿ, ನೀಲಿ ಪುಡಿಗೆ ಅಡುಗೆ ಸೋಡಾ ಕದಡಿದ ನೀರು ಸಾಕು. ಆ ನೀರು ಬ್ಯಾಟರಿಯ ಮುಚ್ಚಳದ ಒಳಗೆ ಹೋಗದಂತೆ ನೋಡಿಕೊಳ್ಳಿ. ಕೈಯ ಬಳೆ, ಉಂಗುರ, ಕೊರಳ ಸರ ತೆಗೆದಿಟ್ಟೇ ಕೆಲಸಕ್ಕೆ ಕೂರಬೇಕು, ಕಣ್ಣಿಗೆ ಕನ್ನಡಕ ಇರಲಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರ್ ಚಾಸಿಗೆ ತಗುಲಿದರೂ ಆಗ ಕಿಡಿ ಏಳುವುದಿಲ್ಲ. ಚಾರ್ಜ್ ಆಗುವ ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅದರ ಹತ್ತಿರ ಕಿಡಿ ಎಂದರೆ ಸಿಡಿತ.

ಯಾರೂ ಮುಟ್ಟದೆ ನಿಂತ ಗಾಡಿಯ ಬ್ಯಾಟರಿ ತಾನಾಗಿ ಡೌನ್ ಆಗುವುದು ಇನ್ನೊಂದು ದೂರು. ಗ್ಯಾಸ್ ಸೋರಿಕೆ ತಿಳಿಸುವ ಯಂತ್ರ, ರೇಡಿಯೊದ ಗಡಿಯಾರ, ಫ್ರಿಜ್ಜಿನ ಬೋರ್ಡು ಸದಾ ಚೂರುಚೂರು ಎಳೆಯುತ್ತಲೇ ಇರುತ್ತವೆ. ಎಲ್ಲ ಸೇರಿ ಅರ್ಧ ಆಂಪಿಯರ್ ಆದರೂ ದಿನಕ್ಕೆ 12 ಎಎಚ್. 80 ಎಎಚ್ ಬ್ಯಾಟರಿ ನಾಲ್ಕು ದಿನದೊಳಗೆ ಅರ್ಧಕ್ಕೆ, ವಾರದಲ್ಲಿ ತಳಕ್ಕೆ. ನೆಗೆಟಿವ್ ವೈರ್ ಕಳಚಿ ನಡುವೆ ಆಂಪಿಯರ್ ಮೀಟರ್ ಇಟ್ಟು, ಒಂದೊಂದೇ ಫ್ಯೂಸ್ ಕಿತ್ತು ನೋಡಿದರೆ ಯಾವ ದಾರಿಯಲ್ಲಿ ಹರಿದುಹೋಗುತ್ತಿದೆ ಎಂದು ಸಿಕ್ಕುತ್ತದೆ. ಸಾದಾ ಮೀಟರ್ 10 ಆಂಪಿಯರಿಗಿಂತ ಹೆಚ್ಚು ತಡೆಯದು, ಅಳೆಯುವಾಗ ಹೀಟರ್ ಪಂಪು ಬಂದ್ ಇರಲಿ. ಬಾಗಿಲ ಬಳಿಯ ‘ಸ್ಟೋರ್’ ಸ್ವಿಚ್ ಒತ್ತಿದರೆ ಎಲ್ಲವೂ ಬಂದ್ ಎಂದುಕೊಳ್ಳುತ್ತಾರೆ. ಅನೇಕ ಗಾಡಿಗಳಲ್ಲಿ ಕೆಲವು ವೈರುಗಳು ಆ ಸ್ವಿಚ್ಚಿಗೆ ಮುಂಚೆಯೇ ಬ್ಯಾಟರಿಗೆ ನೇರವಾಗಿ ಸೇರಿರುತ್ತವೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನೆಗೆಟಿವ್ ವೈರನ್ನೇ ಕಳಚಿಡುವುದು ಒಳ್ಳೆಯದು.

ಖಾಲಿಯಾಗಿ ಬಿದ್ದ ಸೀಸದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಗಟ್ಟಿಯಾದ ಮೇಲೆ ಮರಳಿ ಕರಗುವುದು ಕಷ್ಟ. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಈ ಬ್ಯಾಟರಿ ಮಾಡಿದಾಗಿನ ರಸಾಯನವೇ ಇಂದಿಗೂ, ಗುಣವೂ ಅದೇ. ಮಿನೆಸೋಟದಂಥ ಕಡೆ ಚಳಿಗಾಲದಲ್ಲಿ ಖಾಲಿ ಬ್ಯಾಟರಿ ಹೆಪ್ಪುಗಟ್ಟಿ ಒಡೆಯುತ್ತದೆ, ತುಂಬಿದ ಬ್ಯಾಟರಿ ಆ ಚಳಿಯನ್ನು ತಡೆದುಕೊಳ್ಳುತ್ತದೆ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಭ್ಯಾಸವಿರುವ ನಮ್ಮ ಅಪ್ಪಂದಿರಿಗೆ ಅಮೆರಿಕದ ಮಕ್ಕಳಿಗಿಂತ ನೀರು ತುಂಬುವ ಕ್ರಮ ಚೆನ್ನಾಗಿ ಗೊತ್ತು. ತಟ್ಟೆ ಮುಳುಗಿರಬೇಕು, ಪೂರ್ತಿ ತುಂಬಿಸುವುದು ಚಾರ್ಜ್ ಆದ ಮೇಲೆ, ನಲ್ಲಿ ನೀರು ಎಂದಿಗೂ ಬೇಡ.

ಈಗ ಎಲ್ಲರ ಬಾಯಲ್ಲೂ ಲಿಥಿಯಂ. ಆರ್‌ವಿಗಳಲ್ಲಿ ಬರುವುದು ಲಿಥಿಯಂ ಐರನ್ ಫಾಸ್ಫೇಟ್. ಅದರ ಮೂಲ ಪ್ರಬಂಧ 1997ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಿಂದ ಬಂದದ್ದು. ಮುಂದೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಜಾನ್ ಗುಡ್‌ಇನಫ್ ಅವರ ಜೊತೆ ಅದರ ಮೇಲಿರುವ ಹೆಸರುಗಳು ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ಆ ಕೊನೆಯ ಹೆಸರು ಓದಿದಾಗ ಕನ್ನಡದ ಕಿವಿಗೆ ಒಂದು ಕ್ಷಣ ಸಂತೋಷವಾಗದೆ ಇರದು. ಈ ಬ್ಯಾಟರಿ ಹಗುರ, ಬರೆದಷ್ಟು ಸಾಮರ್ಥ್ಯವನ್ನು ಹೆಚ್ಚುಕಡಿಮೆ ಪೂರ್ತಿ ಕೊಡುತ್ತದೆ, ಸೀಸಕ್ಕಿಂತ ಬಹುಕಾಲ ಬಾಳುತ್ತದೆ. ಆದರೆ ಇದರ ತೊಂದರೆ ಹುಡುಕುವ ರೀತಿ ಬೇರೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಬಹುಪಾಲು ಖಾಲಿಯಾಗುವವರೆಗೂ ಅದು 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಒಳಹೋಗುವ, ಹೊರಬರುವ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಹಾಕಿಸಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಕೆಡುತ್ತದೆ, ಹಾಗಾಗಿ ಒಳ್ಳೆಯ ಬ್ಯಾಟರಿಯ ಕಾವಲು ಬೋರ್ಡು ಆಗ ಚಾರ್ಜನ್ನು ತಡೆಯುತ್ತದೆ. ತೀರಾ ಖಾಲಿಯಾದರೆ ಅದೇ ಬೋರ್ಡು ಬಾಗಿಲು ಮುಚ್ಚಿಬಿಡುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ. ಬ್ಯಾಟರಿ ಸುಟ್ಟಿತೆಂದು ಗಾಬರಿ ಬೀಳಬೇಡಿ. ಲಿಥಿಯಂಗೆ ಹೊಂದುವ ಚಾರ್ಜರ್ ಹಾಕಿದರೆ ಸಾಮಾನ್ಯವಾಗಿ ಎಚ್ಚೆತ್ತುಕೊಳ್ಳುತ್ತದೆ. ಹಳೆಯ ಕನ್ವರ್ಟರ್ 13.6ರಲ್ಲೇ ನಿಂತರೆ ಇದು ಪೂರ್ತಿ ತುಂಬುವುದು ಕಷ್ಟ. ಗಾಡಿಯ ಆಲ್ಟರ್ನೇಟರಿಗೆ ನೇರವಾಗಿ ಜೋಡಿಸಿದರೆ ಇದು ಹಿಡಿತವಿಲ್ಲದೆ ಕರೆಂಟ್ ಎಳೆದು ಆಲ್ಟರ್ನೇಟರನ್ನು ಕಾಯಿಸುತ್ತದೆ, ನಡುವೆ ಡಿಸಿ-ಟು-ಡಿಸಿ ಚಾರ್ಜರ್ ಬೇಕು. ವರ್ಷಕ್ಕೆ ನಾಲ್ಕಾರು ಸಲ, ಅದೂ ಕಂಬವಿರುವ ಕಡೆಗೇ ಹೋಗುವವರಿಗೆ ಈ ಖರ್ಚು ಅನಗತ್ಯ. ಅರಿಜೋನದ ಮರುಭೂಮಿಯಲ್ಲಿ ಚಳಿಗಾಲವಿಡೀ ಸೋಲಾರ್ ಹಾಕಿಕೊಂಡು ಕೂರುವವರಿಗೆ ಅದು ಸಾರ್ಥಕ.

ಟೆಂಪೊ ಟ್ರಾವೆಲರ್‌ಗಳನ್ನು ಕ್ಯಾರವಾನ್ ಮಾಡಿಸಿ ಬಾಡಿಗೆಗೆ ಕೊಡುವವರು ಈಗ ಬೆಂಗಳೂರಿನಲ್ಲೂ ಇದ್ದಾರೆ. ಅಲ್ಲಿ ಚಳಿಯಲ್ಲ, ಸೆಕೆಯೇ ಬ್ಯಾಟರಿಯ ಶತ್ರು. ಗಾಳಿಯಾಡದ ಸೀಟಿನ ಕೆಳಗೆ ಸೀಸದ ಬ್ಯಾಟರಿ ಕೂರಿಸಿದ್ದರೆ ಬಾಳಿಕೆಗಷ್ಟೇ ಅಲ್ಲ, ಒಳಗೆ ಮಲಗುವವರ ಉಸಿರಿಗೂ ಅದು ಒಳ್ಳೆಯದಲ್ಲ.

ವಯಸ್ಸಾದವರು ಜೊತೆಗಿದ್ದರೆ ಇನ್ನೊಂದು ಮಾತು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಸಿಪ್ಯಾಪ್ ಯಂತ್ರ ಹಾಕಿಕೊಳ್ಳುವವರು ಈಗ ನಮ್ಮ ಹಿರಿಯರಲ್ಲೂ ಬಹಳ ಮಂದಿ. ಅದನ್ನು ಇನ್ವರ್ಟರ್ ಮೂಲಕ ಓಡಿಸುವುದಕ್ಕಿಂತ ಆಯಾ ಯಂತ್ರದ 12 ವೋಲ್ಟಿನ ಅಡಾಪ್ಟರ್ ತಂದಿಟ್ಟುಕೊಳ್ಳುವುದು ಮೇಲು. ಹೆಚ್ಚು ಕರೆಂಟ್ ತಿನ್ನುವುದು ಗಾಳಿಯನ್ನು ಬಿಸಿ ಮಾಡಿ ತೇವಗೊಳಿಸುವ ಭಾಗ. ವೈದ್ಯರನ್ನು ಕೇಳಿ ಅದನ್ನು ಬಂದ್ ಮಾಡಿದರೆ ಸಣ್ಣ ಬ್ಯಾಟರಿಯೂ ರಾತ್ರಿ ಕಳೆಯುತ್ತದೆ. ಆ ಯಂತ್ರಕ್ಕೆಂದೇ ಬೇರೆ ಪವರ್ ಬ್ಯಾಂಕ್ ಒಯ್ದರೆ ಇನ್ನೂ ನಿಶ್ಚಿಂತೆ, ಏಕೆಂದರೆ ಹೀಟರ್ ಮತ್ತು ಉಸಿರು ಒಂದೇ ಬ್ಯಾಟರಿಯನ್ನು ನೆಚ್ಚಿಕೊಂಡಿರಬಾರದು.

ಬಾಡಿಗೆ ಗಾಡಿ ತೆಗೆದುಕೊಳ್ಳುವ ದಿನ ಅಂಗಳದಲ್ಲೇ ಇದನ್ನು ಕೇಳಿ: ಕಂಬದ ವೈರ್ ಕಿತ್ತುಬಿಡಿ, ಎಂಜಿನ್ ಆಫ್ ಮಾಡಿ, ಹೀಟರ್ ಹಾಕಿ. ಹೊರಗೆ ಬಿಸಿಲಿದ್ದರೂ ಪರವಾಗಿಲ್ಲ, ಥರ್ಮೋಸ್ಟಾಟ್ ಏರಿಸಿದರೆ ಓಡುತ್ತದೆ. ಎಲ್ಲ ದೀಪ ಹಾಕಿ, ಒಂದು ನಲ್ಲಿ ತೆರೆದಿಡಿ. ಹದಿನೈದು ನಿಮಿಷ ಹಾಗೇ ಇರಲಿ, ನೀವು ಮೀಟರ್ ನೋಡುತ್ತಿರಿ. ತುಂಬಿದೆ ಎಂದು ಅವರು ಹೇಳಿದ ಬ್ಯಾಟರಿ ಅಷ್ಟರಲ್ಲಿ 12 ವೋಲ್ಟಿನ ಕೆಳಗೆ ಹೋದರೆ ಬೇರೆ ಗಾಡಿ ಕೊಡಿ ಎನ್ನಿ. ಸಂಕೋಚ ಬೇಡ, ಆ ರಾತ್ರಿ ಅದರೊಳಗೆ ಮಲಗುವವರು ನಿಮ್ಮ ಅಪ್ಪ ಅಮ್ಮ.